ಬಟ್ಟೆ ಮೂಟೆ ಕಟ್ಟೋ ಮೊದಲು ಇದನ್ನ ಕೇಳಿ

ಎಲ್ಲರಿಗೂ ವಂದನೆ. ನಮ್ಮ ಸಭೆಯ ಯುವಕರು ನಿನ್ನೆ ಗ್ರೂಪಲ್ಲಿ ಹಾಕಿದ್ದನ್ನ ಈಗ ನೋಡಿದೆ. ಹಳೇ ಬಟ್ಟೆ ಹತ್ತು ಮೂಟೆ ಸೇರಿದೆ, ಮನೆಗಳಲ್ಲಿ ಉಳಿದ ಔಷಧಿನೂ ಕೂಡಿಸ್ತಾ ಇದೀವಿ, ಮುಂದಿನ ರಜೆಯಲ್ಲಿ ಹನ್ನೆರಡು ಜನ ಎರಡು ವಾರಕ್ಕೆ ಆಫ್ರಿಕಾದ ಮಲಾವಿಗೆ ಬಂದು ಶಾಲೆಗೆ ಬಣ್ಣ ಬಳೀತೀವಿ, ಏನಂತೀರಿ ಆಂಟಿ ಅಂತ. ಜೊತೆಗೆ, ನೀವಿಬ್ಬರೂ ಅಲ್ಲಿ ದಿನಾ ಏನ್ ಮಾಡ್ತೀರಿ ಅಂತಾನೂ ಕೇಳಿದೀರಿ. ಇದನ್ನೆಲ್ಲ ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡ್ತಾ ಇದೀನಿ. ಉದ್ದ ಆಗುತ್ತೆ, ಕೈಕೆಲಸ ಮಾಡ್ತಾ ಕೇಳಿ.

ನಾವಿರೋದು ಜೊಂಬಾ ಬೆಟ್ಟದ ಕೆಳಗಿನ ಒಂದು ಹಳ್ಳೀಲಿ. ಬೆಳಿಗ್ಗೆ ನಮ್ಮನ್ನ ಎಬ್ಬಿಸೋದು ಬೋರ್‌ವೆಲ್ ಪಂಪಿನ ಸದ್ದು. ಬೆಳಕು ಹರಿಯೋ ಹೊತ್ತಿಗೇ ಹೆಂಗಸರು ಬಕೆಟ್ ಸಾಲಿಟ್ಟಿರ್ತಾರೆ. ನಾನೂ ಹೋಗ್ತೀನಿ. ಬಕೆಟ್ ಕೆಳಗಿಡೋ ಮುಂಚೆ ಒಬ್ಬೊಬ್ಬರಿಗೂ ಮಾತಾಡಿಸಬೇಕು. ಚಿಚೆವಾ ಭಾಷೇಲಿ ಬೆಳಗಿನ ವಂದನೆ "ಮ್ವಾಡ್ಜುಕಾ ಬ್ವಾಂಜಿ", ಅಂದ್ರೆ "ಹೇಗೆ ಎದ್ರಿ?" ಅಂತ. ಚೆನ್ನಾಗಿ ಎದ್ದೆ, ನೀವು ಹೇಗೆ ಅಂತ ತಿರುಗಿ ಕೇಳಬೇಕು, ಆಮೇಲೆ ಮನೆಯವರು, ಮಕ್ಕಳು. ಮೊದಮೊದಲು ನಾನು ಕೈ ಬೀಸಿ, ನೀರು ಹಿಡ್ಕೊಂಡು ಸರಸರ ಬಂದುಬಿಡ್ತಿದ್ದೆ. ಒಂದಿನ ಒಬ್ಬ ಅಜ್ಜಿ ನಮ್ಮ ಮನೆ ತನಕ ನಡ್ಕೊಂಡು ಬಂದು ಹೊರಗೆ ನಿಂತು "ಓಡಿ" ಅಂತ ಕೂಗಿದ್ರು. ಇಲ್ಲಿ ಬಾಗಿಲು ಬಡಿಯಲ್ಲ, "ಓಡಿ" ಅಂತಾರೆ, ಒಳಗಿನವರು "ಓಡಿನಿ" ಅಂದ್ಮೇಲೆ ಬರ್ತಾರೆ. ಬಂದು ಕೂತು, ನಿನಗೆ ನಮ್ಮ ಮೇಲೆ ಏನಾದ್ರೂ ಸಿಟ್ಟಾ ಅಂತ ಕೇಳಿದ್ರು. ನನಗೆ ಕಣ್ಣಲ್ಲಿ ನೀರು ಬಂತು. ಅವತ್ತಿಂದ ಅರ್ಧ ಗಂಟೆ ಬೇಗ ಏಳ್ತೀನಿ.

ಅಂಕಲ್ ಸರ್ಕಾರಿ ಪ್ರೈಮರಿ ಶಾಲೆಗೆ ಹೋಗ್ತಾರೆ. ಈ ದೇಶದಲ್ಲಿ 1994ರಲ್ಲಿ ಪ್ರಾಥಮಿಕ ಶಾಲೆ ಫೀಸ್ ತೆಗೆದುಹಾಕಿದಾಗ ಮಕ್ಕಳು ಪ್ರವಾಹದ ಹಾಗೆ ಬಂದರಂತೆ. ಕೋಣೆ, ಮೇಷ್ಟ್ರು ಮಾತ್ರ ಆ ಲೆಕ್ಕದಲ್ಲಿ ಹೆಚ್ಚಲಿಲ್ಲ. ಒಂದನೇ ತರಗತಿ ಇವತ್ತಿಗೂ ಮರದ ಕೆಳಗೇ. ಅಂಕಲ್ ಪಾಠ ಮಾಡಲ್ಲ, ಪಾಠ ಮಾಡೋರು ಅಲ್ಲಿನ ಟೀಚರ್. ಇವರು ಪುಸ್ತಕ ತಿದ್ದಿಕೊಡ್ತಾರೆ, ಹಿಂದುಳಿದ ಮಕ್ಕಳನ್ನ ಪಕ್ಕಕ್ಕೆ ಕೂರಿಸ್ಕೊಂಡು ಲೆಕ್ಕ ಹೇಳಿಕೊಡ್ತಾರೆ.

ನನ್ನ ಕೆಲಸ ಜಾಸ್ತಿ ಕ್ಲಿನಿಕ್ಕಲ್ಲಿ. ಐದು ವರ್ಷದೊಳಗಿನ ಮಕ್ಕಳ ತೂಕದ ದಿನ ಮರದ ಕೊಂಬೆಗೆ ತಕ್ಕಡಿ ನೇತುಹಾಕ್ತೀವಿ. ತಾಯಂದಿರು ಮಗು ಬೆನ್ನಿಗೆ ಕಟ್ಕೊಂಡು, ಹೆಲ್ತ್ ಪಾಸ್‌ಪೋರ್ಟ್ ಅನ್ನೋ ಚಿಕ್ಕ ಪುಸ್ತಕನ ಪ್ಲಾಸ್ಟಿಕ್ಕಲ್ಲಿ ಸುತ್ಕೊಂಡು ಬರ್ತಾರೆ. ಇಲ್ಲಿ ರೋಗಿಯ ದಾಖಲೆ ರೋಗಿ ಕೈಯಲ್ಲೇ ಇರುತ್ತೆ. ಲಸಿಕೆ ಹಾಕೋರು ಹಳ್ಳಿಯ ಆರೋಗ್ಯ ಕಾರ್ಯಕರ್ತರು, ನಾನು ಬರ್ಕೊಳ್ತೀನಿ, ತೋಳಿನ ಸುತ್ತಳತೆ ತಗೋತೀನಿ. ಬಣ್ಣದ ಪಟ್ಟಿ ಇರುತ್ತೆ, 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದ್ರೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ. ಡಿಸೆಂಬರಲ್ಲಿ ಹಸಿರು ಇದ್ದ ತೋಳು ಫೆಬ್ರವರಿಲಿ ಕೆಂಪಿಗೆ ಇಳಿದಿರೋದನ್ನ ನಾನೇ ನೋಡಿದೀನಿ. ಹಿಂದಿನ ವರ್ಷದ ಮೆಕ್ಕೆಜೋಳ ಖಾಲಿ, ಹೊಸದು ಏಪ್ರಿಲ್ ಹೊತ್ತಿಗೆ. ನಡುವೆ ಹೊಲ ನೋಡಿದ್ರೆ ಆಳೆತ್ತರ ಹಸಿರು, ಮನೇಲಿ ನ್ಸಿಮಾಗೆ, ಅಂದ್ರೆ ಇಲ್ಲಿ ದಿನಾ ತಿನ್ನೋ ಮೆಕ್ಕೆಜೋಳದ ಮುದ್ದೆಗೆ, ಹಿಟ್ಟಿಲ್ಲ. ಕೆಂಪು ಬಂದ ಮಗುವಿಗೆ ಪೊಟ್ಟಣ ಕೊಡ್ತಾರೆ, ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿದ ಪೇಸ್ಟ್. ಜನ "ಚಿಪೊಂಡೆ" ಅಂತಾರೆ. ಆಸ್ಪತ್ರೇಲಿ ವಾರಗಟ್ಟಲೆ ಇಟ್ಕೊಳ್ಳದೆ ಮನೇಲೇ ಮಗು ಚೇತರಿಸ್ಕೊಳ್ಳಬಹುದು ಅಂತ ಪರೀಕ್ಷೆ ಮಾಡಿ ತೋರಿಸಿದ ಮೊದಮೊದಲ ಜಾಗಗಳಲ್ಲಿ ಮಲಾವಿನೂ ಒಂದು. ಮಲೇರಿಯಾ ಲಸಿಕೆನೂ ಹಾಗೇ, 2019ರ ಏಪ್ರಿಲಲ್ಲಿ ಮಕ್ಕಳಿಗೆ ಕೊಡೋ ಕಾರ್ಯಕ್ರಮ ಮೊದಲು ಶುರುವಾಗಿದ್ದು ಈ ದೇಶದಲ್ಲೇ. ಯಾಕೆ ಹೇಳ್ತೀನಂದ್ರೆ, ಏನೂ ಗೊತ್ತಿಲ್ಲದವರಿಗೆ ನಾವು ಬಂದು ಕಲಿಸ್ತಾ ಇದೀವಿ ಅನ್ನೋ ಚಿತ್ರ ನಿಮ್ಮ ಮನಸ್ಸಲ್ಲಿದ್ರೆ ದಯವಿಟ್ಟು ತೆಗೆದುಹಾಕಿ.

ದೇವರ ವಾಕ್ಯದ ವಿಷಯದಲ್ಲೂ ಅಷ್ಟೇ. ಸ್ಕಾಟ್ಲೆಂಡಿನ ಮಿಷನರಿಗಳು 1875ರಲ್ಲೇ ಇಲ್ಲಿನ ಸರೋವರದ ದಡಕ್ಕೆ ಬಂದಿದ್ರು. ಬ್ಲಾಂಟೈರ್‌ನಲ್ಲಿ 1888ರಿಂದ 1891ರವರೆಗೆ ಕಟ್ಟಿದ ಒಂದು ಇಟ್ಟಿಗೆ ಚರ್ಚ್ ಇದೆ, ಗುಮ್ಮಟ, ಗೋಪುರ, ಕಮಾನು ಎಲ್ಲ ಇರೋದು. ಕಟ್ಟಿಸಿದ ಪಾದ್ರಿ ವಾಸ್ತುಶಿಲ್ಪ ಓದಿದವರಲ್ಲ, ಕಟ್ಟಿದ ಊರಿನ ಕೆಲಸಗಾರರೂ ಅಂಥದ್ದನ್ನ ಮುಂಚೆ ಕಟ್ಟಿದವರಲ್ಲ. ಒಳಗೆ ಕೂತು ನಾನು ಸುಮ್ನೆ ಆ ಇಟ್ಟಿಗೆಗಳನ್ನೇ ನೋಡ್ತಿದ್ದೆ, ಪ್ರತಿಯೊಂದೂ ಯಾರದೋ ಕೈ ದಾಟಿ ಬಂದಿದ್ದು ಅಂತ. ನಮ್ಮ ಹಳ್ಳಿ ಸಭೇಲೂ ಭಾನುವಾರ ಆರಾಧನೆ ಮೂರು ಗಂಟೆ ನಡೆಯುತ್ತೆ, ಹಾಡು ಶುರುವಾದ್ರೆ ಪುಸ್ತಕ ಬೇಡ, ವಾದ್ಯ ಬೇಡ, ನಾಲ್ಕು ಧ್ವನಿ ತಾವಾಗೇ ಹೊಂದ್ಕೊಳ್ಳುತ್ತೆ. ನಾವು ಹಿಂದಿನ ಬೆಂಚಲ್ಲಿ ಕೂತು ಕಲೀತೀವಿ.

ಈಗ ಬಟ್ಟೆ ವಿಷಯ. ಇಲ್ಲಿ ಸಂತೆಗೆ ಹೋದ್ರೆ ಅರ್ಧ ಸಂತೆ "ಕೌಂಜಿಕಾ". ಶ್ರೀಮಂತ ದೇಶಗಳ ಜನ ತೊಟ್ಟು ಬಿಟ್ಟ ಬಟ್ಟೆ ಮೂಟೆ ಮೂಟೆಯಾಗಿ ಬಂದು ಬೀಳುತ್ತೆ. ಅದನ್ನ ಮಾರಿ ಮನೆ ನಡೆಸೋ ಹೆಂಗಸರು ನಮ್ಮ ಸಭೆಯಲ್ಲೇ ಇದಾರೆ. ಟೈಲರ್‌ಗಳು ಮರದ ನೆರಳಲ್ಲಿ ಮೆಷಿನ್ ಹಾಕ್ಕೊಂಡು ಗಿರಾಕಿಗೆ ಕಾಯ್ತಾರೆ. ನಾವು ಇನ್ನೂ ಹತ್ತು ಮೂಟೆ ಪುಕ್ಕಟೆ ಹಂಚಿದ್ರೆ ಆ ವಾರ ಇವರು ಏನು ತಿನ್ನಬೇಕು? ನಾನೇ ಈ ತಪ್ಪು ಮಾಡಿದೀನಿ. ಬಂದ ಹೊಸದರಲ್ಲಿ ಒಂದು ಪೆಟ್ಟಿಗೆ ಆಟಿಕೆ ಹಂಚಿದೆ. ಸಿಕ್ಕಿದ್ದು ನಲವತ್ತು ಮಕ್ಕಳಿಗೆ, ಬಂದಿದ್ದು ಇನ್ನೂರು. ತಾಯಂದಿರ ನಡುವೆ ಮಾತು ಬೆಳೆದು ಎರಡು ಮನೆ ಮಾತಾಡೋದು ಬಿಟ್ಟವು. ಪಾಸ್ಟರ್ ಬೈಯ್ಯಲಿಲ್ಲ. "ಮುಂದಿನ ಸಲ ಮೊದಲು ನಮ್ಮನ್ನ ಕೇಳಿ" ಅಂದ್ರು ಅಷ್ಟೇ. ಆ ಎರಡು ಮನೆ ಮತ್ತೆ ಒಂದಾಗೋಕೆ ಒಂದು ಸಾವು ಬರಬೇಕಾಯ್ತು. ಇಲ್ಲಿ ಸಾವಾದ್ರೆ ಹೊಲದ ಕೆಲಸ ನಿಲ್ಲುತ್ತೆ, ಪ್ರತಿ ಮನೆಯಿಂದ ಹಿಟ್ಟು, ಸೌದೆ ಬರುತ್ತೆ, ಹೆಂಗಸರೆಲ್ಲ ರಾತ್ರಿಯಿಡೀ ಜೊತೆ ಕೂರ್ತಾರೆ. 2023ರ ಮಾರ್ಚಲ್ಲಿ ಫ್ರೆಡ್ಡಿ ಚಂಡಮಾರುತ ಬಂದಾಗ ಈ ದಕ್ಷಿಣ ಭಾಗದಲ್ಲಿ ಸತ್ತವರು, ಕಾಣೆಯಾದವರು ಸೇರಿ ಸಾವಿರ ದಾಟಿದ್ರು. ಈಗಲೂ ರಾತ್ರಿ ಮಳೆ ಜೋರಾದ್ರೆ ಪಕ್ಕದ ಮನೆಯವರು ಎದ್ದು ಕೂತಿರ್ತಾರೆ.

ಉಳಿದ ಔಷಧಿ ಬೇಡವೇ ಬೇಡ. ರೋಗಿಗಳು ಅರ್ಧ ಬಳಸಿ ಬಿಟ್ಟಿದ್ದನ್ನ ದಾನ ಕೊಡಬಾರದು, ಬಂದು ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. ಹೆಸರು ಅಳಿಸಿದ ಮಾತ್ರೆ ಬಂದ್ರೆ ಅದನ್ನ ವಿಂಗಡಿಸಿ ಸುಡೋ ಕೆಲಸ ಇಲ್ಲಿನ ನರ್ಸ್ ತಲೆ ಮೇಲೆ.

ಪಂಪಿನ ಕಥೆ ಒಂದು ಹೇಳ್ಲೇಬೇಕು. ಶಾಲೆ ಹಿಂದೆ ಒಂದು ಸೋಲಾರ್ ಮೋಟಾರು, ಟ್ಯಾಂಕು ಇದೆ. ನಾವು ಬರೋ ಮೊದಲು ಹೊರಗಿನ ಒಂದು ತಂಡ ಬಂದು ಹಾಕಿಸಿ, ರಿಬ್ಬನ್ ಕತ್ತರಿಸಿ ಹೋಗಿತ್ತು. ಮೋಟಾರು ಕೆಟ್ಟಿತು. ಬಿಡಿಭಾಗ ಎಲ್ಲಿ ಸಿಗುತ್ತೆ ಅಂತ ಯಾರಿಗೂ ಹೇಳಿಹೋಗಿರಲಿಲ್ಲ, ಟ್ಯಾಂಕು ಒಣಗಿ ನಿಂತಿದೆ. ಅದರಿಂದ ಸ್ವಲ್ಪ ದೂರದಲ್ಲೇ ನಾವು ನೀರು ತರೋ ಕೈಪಂಪು, ಆಫ್ರಿಡೆವ್ ಅಂತ, ಹಳ್ಳಿಯವರೇ ರಿಪೇರಿ ಮಾಡ್ಕೊಳ್ಳಲಿ ಅಂತಲೇ ರೂಪಿಸಿದ್ದು. ಕಳೆದ ತಿಂಗಳು ನೀರು ಸರಿಯಾಗಿ ಏರ್ತಿರಲಿಲ್ಲ. ನೀರಿನ ಸಮಿತಿಯ ಹೆಂಗಸರು ಚಿಟೆಂಜೆ ಬಟ್ಟೆ ಸೊಂಟಕ್ಕೆ ಬಿಗಿದು, ಒಂದು ಸ್ಪ್ಯಾನರ್ ಹಿಡಿದು ಪಂಪಿನ ತಲೆ ಬಿಚ್ಚಿದ್ರು. ಸರಳುಗಳನ್ನ ಒಂದೊಂದಾಗಿ ಮೇಲೆಳೆದು ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ್ರು. ಸವೆದ ರಬ್ಬರ್ ಸೀಲ್ ತೆಗೆದು ಹೊಸದು ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ನೀರು ಬಂತು. ಸೀಲಿಗೆ ದುಡ್ಡು ಎಲ್ಲಿಂದ? ಪ್ರತಿ ಮನೆ ತಿಂಗಳಿಗೆ ಕೊಡೋ ಚೂರು ಚೂರು ಕ್ವಾಚಾ, ಒಂದು ಡಬ್ಬಿ, ಮೂರು ಜನರ ಸಹಿ. ನಾನು ಸರಳು ಒರೆಸಿಕೊಟ್ಟೆ ಅಷ್ಟೇ, ಆದ್ರೆ ಅವತ್ತು ನನಗಾದ ಸಂತೋಷ ಇಲ್ಲಿಗೆ ಬಂದ ಮೇಲೆ ಯಾವತ್ತೂ ಆಗಿರಲಿಲ್ಲ.

ಹಾಗಾಗಿ ಮಕ್ಕಳೇ, ಬಣ್ಣ ಬಳಿಯೋಕೆ ಹನ್ನೆರಡು ವಿಮಾನ ಟಿಕೆಟ್ ತಗೋಬೇಡಿ. ಬಣ್ಣ ಬಳಿಯೋರು ಈ ಹಳ್ಳಿಯಲ್ಲೇ ಇದಾರೆ, ಅವರಿಗೆ ಕೂಲಿ ಬೇಕು. ನಿಮ್ಮಲ್ಲಿ ಯಾರಿಗಾದ್ರೂ ಬರಲೇಬೇಕು ಅಂತ ದೇವರು ಒಳಗಿಂದ ಎಳೀತಾ ಇದ್ರೆ ಒಂದು ವರ್ಷಕ್ಕೆ ಬನ್ನಿ. ಮೊದಲ ಮೂರು ತಿಂಗಳು ಭಾಷೆ ಕಲೀರಿ, ಆಮೇಲೆ ಕೆಲಸ. ನಮ್ಮ ಹೊರಗಿನ ಕೋಣೆ ಖಾಲಿ ಇದೆ, ನಾನು ಮನಸಾರೆ ಕರೀತಾ ಇದೀನಿ.

ಕೂಡಿಸಿದ ಹಣ ಇದ್ದಲ್ಲೇ ಇರಲಿ, ಖಜಾಂಚಿಗಳಿಗೆ ನಾನೇ ಫೋನ್ ಮಾಡ್ತೀನಿ. ಗುರುವಾರ ಇಲ್ಲಿನ ಪಾಸ್ಟರು, ಹೆಡ್‌ಮಾಸ್ಟರು, ಸಮಿತಿಯವರು ಸೇರ್ತಾರೆ. ನಿಮ್ಮ ಮೆಸೇಜನ್ನ ಚಿಚೆವಾದಲ್ಲಿ ಓದಿ ಹೇಳ್ತೀನಿ. ಅವರು ಏನು ಬೇಕಂತಾರೋ ಅದನ್ನ ಬರೆದು ಶುಕ್ರವಾರ ಇಲ್ಲೇ ಹಾಕ್ತೀನಿ. ಏನೂ ಬೇಡ ಅಂದ್ರೆ ಅದನ್ನೂ ಹಾಗೇ ಹೇಳ್ತೀನಿ. ಬಟ್ಟೆ ಯಾರು ಯಾರು ಕೊಟ್ಟಿದ್ರೋ ಅವರಿಗೆ ನೀವೇ ಪ್ರೀತಿಯಿಂದ ತಿಳಿಸಿ, ಕೊಟ್ಟ ಮನಸ್ಸು ದೊಡ್ಡದು, ನೋವಾಗದ ಹಾಗೆ ಹೇಳಿ. ಫೋನಲ್ಲಿ ಚಾರ್ಜ್ ಮುಗೀತಾ ಬಂತು, ಇಡ್ತೀನಿ.