ಎಥೆನಾಲ್ ಘಟಕದ ವಾಯುಮಾಲಿನ್ಯ ನಿಯಂತ್ರಣ: ವೆಚ್ಚ ಬೀಳುವುದು ಎಲ್ಲಿ?

ಪ್ರಶ್ನೆ:
ಧಾನ್ಯದಿಂದ ಎಥೆನಾಲ್ ತಯಾರಿಸುವ ಘಟಕವೊಂದರ ಯೋಜನಾ ವರದಿಯನ್ನು ಪರಿಶೀಲಿಸುತ್ತಿದ್ದೇನೆ. ವಾಯುಮಾಲಿನ್ಯ ನಿಯಂತ್ರಣದ ವೆಚ್ಚವನ್ನು ಒಟ್ಟು ಬಂಡವಾಳದ ಒಂದು ಪಾಲೆಂದು ಒಂದೇ ಸಾಲಿನಲ್ಲಿ ತೋರಿಸಿದ್ದಾರೆಯೇ ಹೊರತು, ಯಾವ ಉಪಕರಣಕ್ಕೆ ಎಷ್ಟು, ವರ್ಷದ ನಿರ್ವಹಣೆಗೆ ಎಷ್ಟು ಎಂಬ ವಿವರವಿಲ್ಲ. ಯಾವ ಹಂತದಲ್ಲಿ ಹೊರೆ ಹೆಚ್ಚು? ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿದರೆ ಈ ವೆಚ್ಚವೂ ಅರ್ಧವಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಅಂಥ ಒಂದು ಸಾಲಿನ ಅಂದಾಜನ್ನು ನೆಚ್ಚಿಕೊಳ್ಳಬೇಡಿ. ಹುದುಗು ತೊಟ್ಟಿಗಳಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ತನ್ನೊಂದಿಗೆ ಎಥೆನಾಲ್ ಆವಿಯನ್ನೂ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕದ ಆವಿಯನ್ನೂ ಒಯ್ಯುತ್ತದೆ. ಅದನ್ನು ಸ್ಕ್ರಬ್ಬರ್‌ನಲ್ಲಿ ನೀರಿನಿಂದ ತೊಳೆದು ಆ ನೀರನ್ನು ಪುನಃ ಪ್ರಕ್ರಿಯೆಗೇ ತಿರುಗಿಸಿದರೆ, ಮರಳಿ ದೊರೆಯುವ ಎಥೆನಾಲ್ ಖರ್ಚಿನ ಒಂದಂಶವನ್ನು ತುಂಬಿಕೊಡುತ್ತದೆ. ಧಾನ್ಯ ಬೀಸುವಲ್ಲಿನ ದೂಳಿಗೆ, ಗಾಳಿಯನ್ನು ಬಟ್ಟೆಯ ಚೀಲಗಳಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಸಾಕು.

ಹಣ ನುಂಗುವುದು, ಬಟ್ಟಿ ಇಳಿಸಿದ ಮೇಲೆ ಉಳಿಯುವ ಹಿಂಡಿಯನ್ನು ಒಣಗಿಸುವ ಡ್ರೈಯರ್. ಅದರಿಂದ ಹೊರಡುವ ಸಾವಯವ ಆವಿಗಳನ್ನು ಥರ್ಮಲ್ ಆಕ್ಸಿಡೈಸರ್‌ನಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕಾಗುತ್ತದೆ. ಸೆರಾಮಿಕ್ ಹಾಸುಗಳಿರುವ ಮಾದರಿಯು ಶೇ. 95ರವರೆಗೆ ಶಾಖವನ್ನು ಉಳಿಸಿಕೊಳ್ಳಬಲ್ಲದಾದರೂ, ಆವಿಗಳ ಜೊತೆಗಿರುವ ಅಪಾರ ನೀರಾವಿಯನ್ನೂ ಕಾಯಿಸಲೇಬೇಕಾದ್ದರಿಂದ ಇಂಧನದ ಖರ್ಚು ತಪ್ಪುವುದಿಲ್ಲ. ಅದಕ್ಕೂ ಮೊದಲು, ಗಾಳಿಯನ್ನು ಸುಳಿಯಂತೆ ತಿರುಗಿಸಿ ಪುಡಿಯನ್ನು ಬೇರ್ಪಡಿಸುವ ಒಳ್ಳೆಯ ಸೈಕ್ಲೋನ್ ಇಲ್ಲದಿದ್ದರೆ ಅಂಟಂಟಾದ ಹಿಂಡಿಯ ಪುಡಿ ಹಾಸಿನ ಸಂದುಗಳಲ್ಲಿ ಮೆತ್ತಿಕೊಂಡು ಬ್ಲೋವರ್ ಏದುಸಿರು ಬಿಡತೊಡಗುತ್ತದೆ, ವಿದ್ಯುತ್ ಬಿಲ್ಲೂ ಏರುತ್ತದೆ.

ಉತ್ತರ 2:
ಸಾಮರ್ಥ್ಯದ ಪ್ರಶ್ನೆಗೆ ಉತ್ತರ: ಇಲ್ಲ. ಉಪಕರಣಗಳ ಬೆಲೆ ಸ್ಥೂಲವಾಗಿ ಸಾಮರ್ಥ್ಯದ 0.6 ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆಂದು ಎಂಜಿನಿಯರುಗಳು ಎಣಿಸುತ್ತಾರೆ. ಆ ಲೆಕ್ಕದಲ್ಲಿ ಅರ್ಧ ಸಾಮರ್ಥ್ಯದ ಘಟಕಕ್ಕೆ ಸುಮಾರು ಶೇ. 66ರಷ್ಟು ಬಂಡವಾಳ ಬೇಕು. ಎಂದರೆ ಲೀಟರಿಗೆ ತಗಲುವ ಬಂಡವಾಳ ವೆಚ್ಚ ಮೂರನೇ ಒಂದರಷ್ಟು ಏರುತ್ತದೆ. ಸಣ್ಣ ಘಟಕಗಳು ಸೋಲುವುದು ಇಲ್ಲೇ.

ಬಾಯ್ಲರನ್ನು ಮರೆಯಬೇಡಿ. ಘನ ಇಂಧನ ಉರಿಸುವುದಾದರೆ ಹಾರುಬೂದಿಗೆ ವೆಟ್ ಸ್ಕ್ರಬ್ಬರ್ ಅಗ್ಗವೆಂದು ಕಾಣುತ್ತದೆ, ಆದರೆ ಗಾಳಿಯ ಕೊಳೆ ನೀರಿಗೆ ಇಳಿದು ಸಂಸ್ಕರಣೆಯ ಖರ್ಚು ಇನ್ನೊಂದು ಖಾತೆಗೆ ಹೋಗುತ್ತದೆ, ಅಷ್ಟೇ. ವಿದ್ಯುದಾವೇಶದಿಂದ ಬೂದಿಯನ್ನು ಸೆಳೆದು ಹಿಡಿಯುವ ಇಎಸ್‌ಪಿಗೆ ಮೊದಲ ಹೂಡಿಕೆ ಹೆಚ್ಚಾದರೂ ಅದರಲ್ಲಿ ಒತ್ತಡ ನಷ್ಟ ಕಡಿಮೆ, ಎಂದರೆ ಹೊಗೆಯನ್ನು ತಳ್ಳಲು ಫ್ಯಾನಿಗೆ ಬೇಕಾಗುವ ವಿದ್ಯುತ್ ಕಡಿಮೆ.

ಉತ್ತರ 3:
ಉಪಕರಣಗಳನ್ನು ಆಮೇಲೆ ಜೋಡಿಸಿದರಾಯಿತು ಎಂಬ ಸಲಹೆ ಬಂದರೆ ಒಪ್ಪಬೇಡಿ. 2002ರಲ್ಲಿ ಅಮೆರಿಕದ ಮಿನ್ನೆಸೋಟಾದ 12 ಎಥೆನಾಲ್ ಘಟಕಗಳು ಸರ್ಕಾರದೊಂದಿಗೆ ರಾಜಿ ಮಾಡಿಕೊಂಡು, ನಡೆಯುತ್ತಿದ್ದ ಕಾರ್ಖಾನೆಗಳಿಗೇ ಥರ್ಮಲ್ ಆಕ್ಸಿಡೈಸರ್‌ನಂಥ ನಿಯಂತ್ರಣಗಳನ್ನು ಅಳವಡಿಸಬೇಕಾಯಿತು. ಹಾಗೆ ತಡವಾಗಿ ಮಾಡುವಾಗ ಜಾಗ, ಕೊಳವೆ ಮಾರ್ಗ, ಉತ್ಪಾದನೆ ನಿಲ್ಲುವ ದಿನಗಳು ಎಲ್ಲಕ್ಕೂ ಬೆಲೆ ತೆರಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಿಂಡಿಯನ್ನು ಒಣಗಿಸದೆ ಹಸಿಯಾಗಿಯೇ ಮಾರಿದರೆ ಡ್ರೈಯರ್, ಆಕ್ಸಿಡೈಸರ್ ಎರಡರ ಖರ್ಚೂ ಉಳಿಯುತ್ತದಲ್ಲವೇ?

ಉತ್ತರ 1:
ಉಳಿಯುತ್ತದೆ, ಅದೇ ಅತ್ಯಂತ ಅಗ್ಗದ ನಿಯಂತ್ರಣ. ಆದರೆ ಹಸಿ ಹಿಂಡಿ ಕೆಲವೇ ದಿನಗಳಲ್ಲಿ ಕೆಡುತ್ತದೆ, ನೀರಿನ ತೂಕವನ್ನು ದೂರ ಸಾಗಿಸುವುದೂ ಗಿಟ್ಟುವುದಿಲ್ಲ. ಹತ್ತಿರದಲ್ಲೇ ವರ್ಷವಿಡೀ ಕೊಳ್ಳುವ ಪಶುಪಾಲಕರಿದ್ದು, ಅವರೊಡನೆ ಲಿಖಿತ ಒಪ್ಪಂದವಾದ ಮೇಲಷ್ಟೇ ಡ್ರೈಯರನ್ನು ವರದಿಯಿಂದ ತೆಗೆಯಿರಿ.