ವೃಂದಗಾನದ ಕಾರ್ಯಾಗಾರಕ್ಕೆ ಹೋಗುವವಳಿದ್ದೇನೆ, ಅನುಭವ ಇದ್ದವರು ತಿಳಿಸಿ

ದಾವಣಗೆರೆಯಿಂದ:

ನನಗೆ ಐವತ್ತೆರಡು ವರ್ಷ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಯವರೆಗೆ ಕಲಿತಿದ್ದೆ. ಈಗ ಬಡಾವಣೆಯ ಭಜನಾ ಮಂಡಳಿಯಲ್ಲಿ ಹಾಡುತ್ತೇನೆ. ಬೆಂಗಳೂರಿನಲ್ಲಿ ಹವ್ಯಾಸಿ ಗಾಯಕರಿಗಾಗಿ ಶನಿವಾರ, ಭಾನುವಾರ ಕಾಯರ್ ಕಾರ್ಯಾಗಾರ ಇದೆಯೆಂದು ಮಗಳು ನನ್ನ ಹೆಸರು ಬರೆಸಿದ್ದಾಳೆ. ನಾಲ್ಕು ಧ್ವನಿಗಳಲ್ಲಿ ಹಾಡಿಸುತ್ತಾರಂತೆ. ಪಾಶ್ಚಾತ್ಯ ಸ್ವರಲಿಪಿ ನನಗೆ ಓದಲು ಬರುವುದಿಲ್ಲ. ನಿಭಾಯಿಸಬಲ್ಲೆನೇ? ಹೋಗುವ ಮುಂಚೆ ಏನು ಅಭ್ಯಾಸ ಮಾಡಿಕೊಳ್ಳಲಿ?

ಮೈಸೂರಿನಿಂದ:

ಧೈರ್ಯವಾಗಿ ಹೋಗಿ ಬನ್ನಿ. ನಾನೂ ಸರಳೆ, ಜಂಟಿ ವರಸೆಗಳೆಂಬ ಆರಂಭದ ಪಾಠಗಳಿಂದಲೇ ಬಂದವಳು, ಹಲವು ವರ್ಷಗಳಿಂದ ಕಾಯರ್‌ನಲ್ಲಿ ಹಾಡುತ್ತಿದ್ದೇನೆ. ಹೆಂಗಸರಲ್ಲಿ ಮೇಲಿನ ಧ್ವನಿಯವರು ಸೊಪ್ರಾನೊ, ಕೆಳಗಿನವರು ಆಲ್ಟೊ. ಗಂಡಸರಲ್ಲಿ ಹಾಗೆಯೇ ಮೇಲಿನವರು ಟೆನರ್, ಕೆಳಗಿನವರು ಬೇಸ್. ಹಾಡಿನ ಮುಖ್ಯ ಮಟ್ಟು ಹೆಚ್ಚಾಗಿ ಸೊಪ್ರಾನೊದವರ ಪಾಲಿಗೆ ಬರುವುದರಿಂದ ಹೊಸಬರೆಲ್ಲ ಅತ್ತಲೇ ಹೋಗಿ ಕೂರುತ್ತಾರೆ. ನೀವು ಆಲ್ಟೊ ಸಾಲಿಗೆ ಹೋಗಿ. ನಮ್ಮಲ್ಲಿ ಹೆಂಗಸರ ಶ್ರುತಿ ಸಾಮಾನ್ಯವಾಗಿ ಹಾರ್ಮೋನಿಯಂನ ಬಿಳಿ ಐದು ಅಥವಾ ಕಪ್ಪು ನಾಲ್ಕು, ಅಂದರೆ ಐದನೆಯ ಬಿಳಿ ಮನೆ ಅಥವಾ ನಾಲ್ಕನೆಯ ಕಪ್ಪು ಮನೆ. ಬಿಳಿ ಐದರಲ್ಲಿ ಷಡ್ಜ ಹಿಡಿದು ಮೇಲಿನ ಸ್ಥಾಯಿಯ ಮಧ್ಯಮ ಮುಟ್ಟಿದರೆ ಹೆಚ್ಚಿನವರಿಗೆ ಅದೇ ಮೇರೆ. ಸೊಪ್ರಾನೊದವರು ಅಲ್ಲಿಂದಲೂ ನಾಲ್ಕೈದು ಸ್ವರ ಮೇಲೇರಬೇಕಾಗುತ್ತದೆ. ಕೆಳಗಿನ ಸ್ವರಗಳಲ್ಲಿ ತುಂಬು ಧ್ವನಿ ಇರುವ ನಮ್ಮಂಥವರಿಗೆ ಆಲ್ಟೊ ಹೇಳಿ ಮಾಡಿಸಿದಂತಿದೆ. ನಮ್ಮ ವಯಸ್ಸಿಗೆ ಕಂಠ ತುಸು ಇಳಿಯುವುದೂ ಸಹಜ, ಅದಕ್ಕೆ ಬೇಸರ ಬೇಡ.

ಆದರೆ ಆಲ್ಟೊ ಸುಲಭವೆಂದು ತಿಳಿಯಬೇಡಿ. ಎಷ್ಟೋ ಕಡೆ ಸಾಲಿಡೀ ಒಂದೇ ಸ್ವರದಲ್ಲಿ ನಿಲ್ಲಬೇಕು. ಪಕ್ಕದಲ್ಲಿ ಮುಖ್ಯ ಮಟ್ಟು ಕೇಳಿಸುತ್ತಿದ್ದಂತೆ ಕಿವಿ ಆ ಕಡೆಗೇ ಜಾರುತ್ತದೆ. ಇದಕ್ಕೊಂದು ಅಭ್ಯಾಸ ಹೇಳುತ್ತೇನೆ: ಮಗಳೋ ಮಂಡಳಿಯ ಗೆಳತಿಯೋ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಹಾಡಲಿ. ಅಷ್ಟು ಹೊತ್ತೂ ನೀವು ಪಂಚಮವನ್ನು ಅಕಾರದಲ್ಲಿ ಬಿಡದೆ ಹಿಡಿದುಕೊಳ್ಳಿ. ಅದು ಗಟ್ಟಿಯಾದ ಮೇಲೆ ಗಾಂಧಾರದಲ್ಲಿ ನಿಲ್ಲಿ. ಅವರು ಮಧ್ಯಮಕ್ಕೆ ಬಂದ ಕ್ಷಣ ನಿಮ್ಮ ಗಾಂಧಾರ ಅಲುಗಾಡುತ್ತದೆ, ನೋಡಿ. ಅಲ್ಲಿ ನಿಲ್ಲುವುದನ್ನು ಕಲಿತರೆ ಕಾರ್ಯಾಗಾರದ ಅರ್ಧ ಕೆಲಸ ಮನೆಯಲ್ಲೇ ಮುಗಿದಂತೆ.

ಗಾಂಧಾರದ ವಿಷಯದಲ್ಲಿ ನಮಗೆ ದೊಡ್ಡ ಆಸ್ತಿಯೇ ಇದೆ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯ ಮಂದ್ರ ತಂತಿಯಲ್ಲಿ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದಲ್ಲ, ಅದು ಕೀಬೋರ್ಡಿನ ಗಾಂಧಾರಕ್ಕಿಂತ ಕೂದಲೆಳೆಯಷ್ಟು ತಗ್ಗು. ವಾದ್ಯವಿಲ್ಲದೆ ಹಾಡುವ ಒಳ್ಳೆಯ ಕಾಯರ್‌ಗಳು ಸ್ವರಗಳು ಒಂದಕ್ಕೊಂದು ಬೆರೆಯಲೆಂದು ಆ ತಂಬೂರಿಯ ಗಾಂಧಾರದತ್ತಲೇ ವಾಲುತ್ತವೆ. ಅದನ್ನು ಕೇಳಿ ಬೆಳೆದ ಕಿವಿ ನಿಮ್ಮದು. ಸ್ವರವನ್ನು ಅಲುಗಿಸಿ, ಜಾರಿಸಿ ಹಾಡುವ ಗಮಕವನ್ನು ಮಾತ್ರ ಆ ಎರಡು ದಿನ ಬದಿಗಿಡಿ. ಸ್ವರದಿಂದ ಸ್ವರಕ್ಕೆ ಜಾರು ಹಿಡಿದು ಹೋಗುವುದು ನಮಗೆ ಉಸಿರಾಟದಷ್ಟು ಸಹಜ. ಅಲ್ಲಿ ಅದೊಂದೇ ಧ್ವನಿ ಎದ್ದು ಕೇಳಿಸುತ್ತದೆ.

ಮಂಗಳೂರಿನಿಂದ:

ಅಕ್ಕ, ನಾನು ಚರ್ಚಿನ ಕಾಯರ್‌ನಲ್ಲಿ ಬೇಸ್ ಹಾಡುವವನು. ಉಸಿರಿನ ಬಗ್ಗೆ ಯಾರೂ ಹೇಳಲಿಲ್ಲ, ಹೊಸಬರು ಸೋಲುವುದೇ ಅಲ್ಲಿ. ಉದ್ದನೆಯ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಹಾಡು ಹರಿದುಹೋಗುತ್ತದೆ. ಆದ್ದರಿಂದ ಪಕ್ಕದವರೊಡನೆ ಮೊದಲೇ ಮಾತಾಡಿಕೊಳ್ಳಬೇಕು: ನೀವು ಈ ಪದದಲ್ಲಿ ಉಸಿರು ತೆಗೆದುಕೊಳ್ಳಿ, ನಾನು ಮುಂದಿನ ಪದದಲ್ಲಿ. ಸಾಲು ಮುಗಿದಲ್ಲಿ ಎಲ್ಲರಿಗೂ ಉಸಿರು ಬೇಕೆನಿಸುತ್ತದೆ, ಅಲ್ಲಿ ತಡೆದುಕೊಳ್ಳಿ. ದೀರ್ಘ ಸ್ವರದ ನಡುವೆ ಮೆಲ್ಲಗೆ ಬಿಟ್ಟು, ಉಸಿರೆಳೆದು, ಅದೇ ಸ್ವರಕ್ಕೆ ಮೆಲ್ಲಗೆ ಮರಳಿದರೆ ಕೇಳುವವರಿಗೆ ಸುಳಿವೇ ಸಿಗುವುದಿಲ್ಲ. ಸೀಸದ ಕಡ್ಡಿ ಒಯ್ಯಿರಿ, ಉಸಿರಿನ ಜಾಗಕ್ಕೆಲ್ಲ ಗುರುತು ಹಾಕಿ. ಪೆನ್ನಿನಲ್ಲಿ ಬರೆದರೆ ನಿರ್ದೇಶಕರು ಜಾಗ ಬದಲಿಸಿದಾಗ ಕಷ್ಟ.

ನಿಮ್ಮ ವಿಭಾಗದ ಅಭ್ಯಾಸವನ್ನು ನಿರ್ದೇಶಕರ ಅನುಮತಿ ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ರಾತ್ರಿ ಅದನ್ನು ಕೇಳಿದರೆ ಎರಡನೆಯ ದಿನದ ಹೊತ್ತಿಗೆ ಹಾಡು ನಾಲಿಗೆಯ ಮೇಲಿರುತ್ತದೆ.

ಧಾರವಾಡದಿಂದ:

ಸ್ವರಲಿಪಿಗೆ ಹೆದರಬೇಡಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ರೂಪಿಸಿ ಜಾನ್ ಕರ್ವೆನ್ ಬೆಳೆಸಿದ ಟಾನಿಕ್ ಸೊಲ್ಫಾ ಪದ್ಧತಿ ಬಂದದ್ದೇ ಐದು ಗೆರೆಯ ಲಿಪಿ ಬಾರದ ಸಾಮಾನ್ಯರಿಗಾಗಿ. ನಮ್ಮ ಷಡ್ಜದಂತೆ ಅದರ ‘ಡೊ’ ಕೂಡ ಹಾಡಿಗೆ ತಕ್ಕಂತೆ ಜಾಗ ಬದಲಿಸುತ್ತದೆ. ಮಿಜೋರಾಂನ ಚರ್ಚುಗಳಲ್ಲಿ ದೊಡ್ಡ ದೊಡ್ಡ ಕಾಯರ್‌ಗಳು ಇದೇ ಲಿಪಿ ನೋಡಿ ಹಾಡುತ್ತವೆ. ಹಾಡಿನ ಷಡ್ಜ ಯಾವುದೆಂದು ಕೇಳಿ ತಿಳಿದುಕೊಂಡು ನಿಮ್ಮ ಸಾಲಿನ ಮೇಲೆ ಸ ರಿ ಗ ಮ ಬರೆದುಕೊಳ್ಳಿ. ನಡುವೆ ಷಡ್ಜ ಬದಲಾದರೆ ಅಲ್ಲೊಂದು ಗೆರೆ ಎಳೆದು ಹೊಸದಾಗಿ ಬರೆಯಿರಿ.

ಬೆಂಗಳೂರಿನಿಂದ:

ನಾಲ್ಕು ಧ್ವನಿ ಎಂದರೆ ನಾಲ್ಕು ಬೇರೆ ಬೇರೆ ಮಟ್ಟುಗಳೇ ಎಂದು ಆಯೋಜಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸಮೂಹ ಗಾಯನವೆಂದು ಕರೆದು ಎಲ್ಲರಿಂದ ಒಂದೇ ಮಟ್ಟು ಹಾಡಿಸುವ ಶಿಬಿರಗಳೂ ಇವೆ. ಅದೂ ಚೆಂದವೇ, ತ್ಯಾಗರಾಜರ ಆರಾಧನೆಯಲ್ಲಿ ಪಂಚರತ್ನ ಕೃತಿಗಳ ಗೋಷ್ಠಿ ಗಾಯನ ನಡೆಯುವುದು ಹಾಗೆಯೇ. ಅಲ್ಲಿ ಒಂದೇ ಶ್ರುತಿಯಲ್ಲಿ ಗಂಡಸರಿಗೆ ಸಲೀಸಾದರೆ ಹೆಂಗಸರಿಗೆ ತ್ರಾಸ, ಹೆಂಗಸರಿಗೆ ಸಲೀಸಾದರೆ ಗಂಡಸರಿಗೆ. ಧ್ವನಿಗಳನ್ನು ನಾಲ್ಕಾಗಿ ಹಂಚಿದಾಗ ಪ್ರತಿಯೊಬ್ಬರೂ ತಮ್ಮ ಕಂಠ ಒಪ್ಪುವ ಕಡೆ ಹಾಡಬಹುದು. ನನಗೆ ಕಾಯರ್ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಪ್ರತಿ ವಿಭಾಗಕ್ಕೂ ಪ್ರತ್ಯೇಕ ಅಭ್ಯಾಸ ಇದೆಯೇ ಎಂದೂ ಕೇಳಿ. ಅದಿಲ್ಲದೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವ ಕಡೆ ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. ಭಾರತೀಯ ಭಾಷೆಯ ಹಾಡು ಒಂದಾದರೂ ಇದ್ದರೆ ಒಳ್ಳೆಯದು. ಮದ್ರಾಸ್ ಯೂತ್ ಕಾಯರ್ ಕಟ್ಟಿದ ಎಂ.ಬಿ. ಶ್ರೀನಿವಾಸನ್ ನಮ್ಮ ಭಾಷೆಗಳ ಹಾಡುಗಳನ್ನೇ ಹಲವು ಧ್ವನಿಗಳಿಗೆ ಹೊಂದಿಸಿ ಹಾಡಿಸಿ ದಾರಿ ತೋರಿದ್ದಾರೆ.

ಮ್ಯಾಂಚೆಸ್ಟರ್‌ನಿಂದ:

ಇಲ್ಲಿ ಬೆಳಿಗ್ಗೆ ಹವ್ಯಾಸಿಗಳು ಸೇರಿ, ಇಡೀ ದಿನ ಅಭ್ಯಾಸ ಮಾಡಿ, ಸಂಜೆಗೆ ಒಂದು ದೊಡ್ಡ ಕೃತಿಯನ್ನು ಹಾಡಿಯೇ ಬಿಡುವ ಪದ್ಧತಿ ಇದೆ. ಎಷ್ಟೋ ಕಡೆ ಧ್ವನಿ ಪರೀಕ್ಷೆಯೂ ಇರುವುದಿಲ್ಲ. ಗಂಟಲು ನೋಯತೊಡಗಿದರೆ ಹಾಡುವುದನ್ನು ನಿಲ್ಲಿಸಿ ಪಕ್ಕದವರನ್ನು ಕೇಳುತ್ತಾ ನಿಲ್ಲಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪದೇ ಪದೇ ನೋಯುತ್ತಿದ್ದರೆ ವಿಭಾಗ ಬದಲಿಸಿಕೊಡಿ ಎಂದು ಕೇಳಿ.

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ನಿನ್ನೆ ಗೆಳತಿಯನ್ನು ಕೂರಿಸಿಕೊಂಡು ಪಂಚಮದ ಅಭ್ಯಾಸ ಶುರು ಮಾಡಿದೆ. ಇನ್ನೊಂದು ವಿಷಯ: ಒಂದು ಹಾಡು ಲ್ಯಾಟಿನ್ ಭಾಷೆಯದಂತೆ. ಅದನ್ನು ಹೇಗೆ ಬಾಯಿಪಾಠ ಮಾಡಲಿ?

ಮಂಗಳೂರಿನಿಂದ:

ಕನ್ನಡದಲ್ಲಿ ಬರೆದುಕೊಳ್ಳಿ ಅಕ್ಕ, ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಚರ್ಚಿನ ಲ್ಯಾಟಿನ್ ಸ್ವರಗಳು ನಮ್ಮ ಅ, ಎ, ಇ, ಒ, ಉಗಳಂತೆಯೇ ನೇರ. ಇಂಗ್ಲಿಷಿನ ರೂಢಿಯವರು ‘ಒ’ ಹಿಡಿದು ಕೊನೆಗೆ ‘ಉ’ಗೆ ಜಾರುತ್ತಾರೆ, ನಿರ್ದೇಶಕರು ಅದನ್ನು ತಿದ್ದುವುದರಲ್ಲೇ ಹೊತ್ತು ಕಳೆಯುತ್ತಾರೆ. ‘ಸಿ’ (c) ಅಕ್ಷರದ ಮುಂದೆ ‘ಇ’ (e) ಅಥವಾ ‘ಐ’ (i) ಅಕ್ಷರ ಬಂದರೆ ಹೆಚ್ಚಾಗಿ ‘ಚ’ ಎನ್ನಿಸುತ್ತಾರೆ. ‘ಜಿ’ ಮತ್ತು ‘ಎನ್’ ಕೂಡಿ ಬಂದರೆ ನಮ್ಮ ‘ಞ’. ಕೆಲವು ನಿರ್ದೇಶಕರು ಬೇರೆ ಉಚ್ಚಾರ ಹೇಳಿಸುವುದೂ ಉಂಟು, ಆದ್ದರಿಂದ ಮೊದಲ ದಿನ ಅವರ ಬಾಯಿಂದ ಕೇಳಿದ ಮೇಲೆ ಬರೆಯಿರಿ. ಪದದ ಕೊನೆಯ ‘ಸ್’ ಎಲ್ಲಿ ಬೀಳಬೇಕೆಂದು ಅವರು ಕೈಯಲ್ಲಿ ತೋರಿಸುತ್ತಾರೆ. ಆಗ ಹಾಳೆ ಬಿಟ್ಟು ಅವರ ಕೈಯನ್ನೇ ನೋಡಿ.