ಸಮಸ್ಯಾಪೂರಣ: ಇದಿರು ಗಾಳಿಯ ಹಾಯಿದೋಣಿ

ಸಮಸ್ಯೆ ಕೊಟ್ಟವರು, ಶಿವಮೊಗ್ಗ:

ಕಾವ್ಯವನ್ನು ರಾಗವಾಗಿ ಓದುವ ಹೊಸಹಳ್ಳಿಯ ಗಮಕಿಗಳ ಬಾಯಲ್ಲಿ ಆರು ಸಾಲಿನ ಭಾಮಿನಿ ಷಟ್ಪದಿಯನ್ನು ಕೇಳುತ್ತ ಬೆಳೆದವರು ಈ ಬಳಗದಲ್ಲಿ ಹಲವರಿರುವುದರಿಂದ ಈ ಸಲದ ಸಮಸ್ಯೆಯನ್ನು ಅದೇ ಛಂದಸ್ಸಿನ ಆರನೆಯ ಸಾಲಾಗಿ ಕೊಡುತ್ತಿದ್ದೇನೆ. ವಿರೋಧದಂತೆ ಕಾಣುವ ಈ ಸಾಲಿಗೆ ಅರ್ಥ ಕೂಡುವಂತೆ ಮೊದಲ ಐದು ಸಾಲುಗಳನ್ನು ಕಟ್ಟುವುದೇ ಪೂರಣ.

ಇದಿರು ಗಾಳಿಯೆ ಹಾಯಿದೋಣಿಯ ಮುಂದಕೆಳೆದುದಲಾ

ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ದ’; ಅದರ ಹಿಂದಿನ ಅಕ್ಷರ ಒಂದೇ ಮಾತ್ರೆಯ ಲಘುವಾಗಿರಬೇಕು. ಈ ಸಾಲು ಹೊಳೆದದ್ದು ಮುಂಬಯಿಯಲ್ಲಿ, ಗೇಟ್‌ವೇ ಆಫ್ ಇಂಡಿಯಾದ ಮುಂದಿನ ಕೊಲ್ಲಿಯಲ್ಲಿ ಒಂದು ಮಧ್ಯಾಹ್ನ ಸ್ವಲ್ಪ ಹೊತ್ತು ಹಾಯಿದೋಣಿಯಲ್ಲಿ ಕುಳಿತಿದ್ದಾಗ. ಹೊತ್ತೇರಿ ನೆಲ ಕಾದಂತೆ ಅಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಗಾಳಿ ಬೀಸತೊಡಗುತ್ತದೆ. ಆ ಕೊಲ್ಲಿ ಊರಿನ ಪೂರ್ವಕ್ಕಿರುವುದರಿಂದ ಹೊರಡುವಾಗ ಗಾಳಿ ಬೆನ್ನಿಗೆ, ಮರಳುವಾಗ ಮುಖಕ್ಕೆ. ಎಂಜಿನ್ ಹಾಕದೆ, ಹುಟ್ಟು ಮುಟ್ಟದೆ, ಆ ಗಾಳಿಯಲ್ಲೇ ದಡ ಸೇರಿದೆವು. ಹೇಗೆಂಬುದನ್ನು ಪದ್ಯ ಹೇಳಲಿ.

ತೀರ್ಥಹಳ್ಳಿಯಿಂದ:

ಮುಂಬಯಿಯ ಕೊಲ್ಲಿಯನ್ನು ನಾನು ಕಂಡಿಲ್ಲವಾದ್ದರಿಂದ ಶರಾವತಿಯ ಹಿನ್ನೀರಿಗೇ ದೋಣಿಯನ್ನು ಇಳಿಸಿದ್ದೇನೆ, ಗುರುಗಳೇ.

ನದಿಯ ಹಿನ್ನೀರಿನಲಿ ಗಾಳಿಗೆ
ಎದೆಯನೊಡ್ಡುತ ಹುಟ್ಟುಹಾಕಿದೆ
ಕದಲದಾಯಿತು ತೋಳು ನಡುಗಡ್ಡೆಯನು ಮುಟ್ಟುತಲಿ
ಮುದದಿ ಮರಳುತ ಹಾಯಿಯೆತ್ತಲು
ಅದುವೆ ಬೆನ್ನಿಗೆ ಬಂದು ನಿಂದುದು
ಇದಿರು ಗಾಳಿಯೆ ಹಾಯಿದೋಣಿಯ ಮುಂದಕೆಳೆದುದಲಾ

ಸಮಸ್ಯೆ ಕೊಟ್ಟವರು:

ಓಟ ಬಹಳ ಚೆನ್ನಾಗಿದೆ, ‘ಕದಲದಾಯಿತು ತೋಳು’ ಎಂಬಲ್ಲಿ ದಣಿವು ಮೈಗೇ ತಟ್ಟುತ್ತದೆ. ಆದರೆ ದೋಣಿ ತಿರುಗಿದ ಕೂಡಲೇ ಗಾಳಿ ಇದಿರಿನದಾಗಿ ಉಳಿಯಲಿಲ್ಲ. ಹಿಂದೆ ಇದಿರಾಗಿದ್ದ ಗಾಳಿ ಎಂದು ಅರ್ಥ ಹಚ್ಚಿದರೆ ಪೂರಣ ಒಪ್ಪಿಗೆಯಾಗುತ್ತದೆ, ಗಂಟು ಮಾತ್ರ ಬಿಡಿಸಿಕೊಳ್ಳದೆ ಹಾಗೇ ಉಳಿಯುತ್ತದೆ. ಸಮಸ್ಯೆಯ ವಿರೋಧವನ್ನು ಸುತ್ತುಬಳಸಿ ತಪ್ಪಿಸಿಕೊಂಡು ಹೋಗುವ ಪೂರಣಕ್ಕಿಂತ ಅದರೊಳಗೇ ನುಗ್ಗಿ ನಿಜವೆಂದು ತೋರಿಸುವ ಪೂರಣವೇ ನನಗೆ ಹೆಚ್ಚು.

ಸಾಗರದಿಂದ:

ಶರಾವತಿ ಹಿನ್ನೀರಿನ ದಡದ ಹೊನ್ನೆಮರಡುವಿನ ಹತ್ತಿರದವನಾದ ನನಗೆ ನೀರಿನ ಮೇಲಿನ ಗಾಳಿಯ ಪರಿಚಯ ಅಷ್ಟಿಷ್ಟು ಇರುವುದರಿಂದ ನುಗ್ಗುವ ಧೈರ್ಯ ಮಾಡಿದ್ದೇನೆ.

ಮೊದಲು ಹಾಯಿಯನೆಳೆದು ಬಿಗಿಯುತ
ಬದಿಗೆ ಜಾರದೊಲಡಿಯ ಹಲಗೆಯ
ಹದದೊಳಿಳುಹುತಲೆಡಕೆ ಬಲಕೋರೆಯಲಿ ತಿರುಗಿಸಲು
ಒದಗಿ ಬಂದಿತು ಹಾಯಿಯುಬ್ಬಲಿ
ಹುದುಗಿಕೊಂಡಿಹ ಸೆಳೆತವೆಲ್ಲವು
ಇದಿರು ಗಾಳಿಯೆ ಹಾಯಿದೋಣಿಯ ಮುಂದಕೆಳೆದುದಲಾ

ಮೂರನೆಯ ಸಾಲಿನ ಕೊನೆಯ ‘ಲು’ ಪಾದಾಂತದ್ದಾದ್ದರಿಂದ ಎರಡು ಮಾತ್ರೆಯ ಗುರುವೆಂದು ಎಣಿಸಿದ್ದೇನೆ.

ಸಮಸ್ಯೆ ಕೊಟ್ಟವರು:

ಪಾದಾಂತದ ಲಘುವಿಗೆ ಆ ಸಲುಗೆ ಹಿಂದಿನಿಂದಲೂ ಇದೆ. ಅರ್ಥದಲ್ಲಿಯೂ ಪದ್ಯ ಕೊಲ್ಲಿಯಲ್ಲಿ ನಾನು ಕಂಡದ್ದನ್ನೇ ಹಿಡಿದಿದೆ. ಹಾಯಿದೋಣಿ ಗಾಳಿಯ ಬಾಯಿಗೆ ನೇರವಾಗಿ ಹೋಗಲಾರದು. ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಘಾಟಿಯ ರಸ್ತೆ ಗುಡ್ಡ ಹತ್ತುವಂತೆ ಸುತ್ತುಸುತ್ತಾಗಿ ಏರುತ್ತದೆ. ಬಿಗಿದ ಹಾಯಿಯ ಉಬ್ಬಿದ ಮೈಯ ಕಡೆ ಗಾಳಿ ವೇಗವಾಗಿ ಹಾಯ್ದು ಒತ್ತಡ ತಗ್ಗುವುದರಿಂದ ದೋಣಿಗೆ ಆ ಕಡೆ ಸೆಳೆತ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಪಕ್ಕಕ್ಕೆ, ಸ್ವಲ್ಪ ಪಾಲು ಮುಂದಕ್ಕೆ. ಪಕ್ಕದ ಪಾಲನ್ನು ನೀರೊಳಗಿನ ಹಲಗೆ ತಡೆಹಿಡಿದಾಗ ಮುಂದಿನ ಪಾಲೇ ದೋಣಿಯನ್ನು ನಡೆಸುತ್ತದೆ. ಇಳಿಸಿ ಎತ್ತುವ ಹಲಗೆ ಸಣ್ಣ ದೋಣಿಗಳಿಗೆ ಸಲ್ಲುವ ಮಾತು, ನಾನು ಕುಳಿತಿದ್ದ ದೋಣಿಗೆ ಅದು ಅಡಿಗೇ ಬೆಸೆದುಕೊಂಡಿತ್ತು. ಪದ್ಯಕ್ಕೆ ಅದರಿಂದ ಕೊರತೆಯಿಲ್ಲ.

ಬಿಟ್ಟುಹೋದದ್ದು ಒಂದೇ. ಚುಕ್ಕಾಣಿ ಹಿಡಿದವರು ಆಸೆಗೆ ಬಿದ್ದು ಮೂತಿಯನ್ನು ಗಾಳಿಗೆ ಇನ್ನಷ್ಟು ಹತ್ತಿರ ತಂದರೆ ಹಾಯಿಯ ಮುಂದಿನ ಅಂಚು ಮೊದಲು ನಡುಗುತ್ತದೆ, ಮರುಕ್ಷಣ ಇಡೀ ಬಟ್ಟೆ ಪಟಪಟನೆ ಬಡಿದುಕೊಳ್ಳುತ್ತದೆ, ದೋಣಿ ನಿಂತೇಬಿಡುತ್ತದೆ. ಆ ಸದ್ದು ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡೆಗೆ ಬಹಳ ಚೆನ್ನಾಗಿ ಕೂಡುತ್ತಿತ್ತು. ಸಾಗರದವರು ಇನ್ನೊಂದು ಪದ್ಯದಲ್ಲಿ ಅದನ್ನು ತಂದರೆ ಸಂತೋಷ.

ಮುಂದಿನ ಸಮಸ್ಯೆ, ಇದೂ ಭಾಮಿನಿಯ ಕೊನೆಯ ಸಾಲು. ಪ್ರಾಸಾಕ್ಷರ ‘ಳ’, ಈ ಸಲ ಅದರ ಹಿಂದಿನದು ಗುರು:

ಗಾಳಿ ನಿಂತರು ಹಾಯಿ ತುಂಬಿತು ಮಲೆಯ ಮಡಿಲಿನಲಿ